ಅವ್ವನ ಚುಂಬಕದ ನೀರು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯ ಮಾಸ್ತರರಾದವರಿಗೆ ಸ್ವಲ್ಪ ಕಡಿಮೆ. ನನಗಂತೂ ಇರಲೇ ಇಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ರಾಯಬಾಗ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ವಿಜ್ಞಾನದ ಮಾಸ್ತರರು ತರಬೇತಿಗೆಂದು ಎರಡು ತಿಂಗಳು ಹೋದಾಗ ಹೆಡ್‌ಮಾಸ್ತರರು ಎಂಟನೇ ತರಗತಿಯ ವಿಜ್ಞಾನವನ್ನು ನನ್ನ ಕೊರಳಿಗೆ ಕಟ್ಟಿದರು. "ಪುಸ್ತಕ ಕನ್ನಡದಾಗs ಐತೆಲ್ರಿ, ಓದಿ ಹೇಳ್ರಿ" ಎಂದರು. ನಾನೂ ಹುರುಪಿನಿಂದ ಗಾಜಿನ ಲೋಟದ ನೀರಿಗೆ ಗುಂಡುಸೂಜಿ, ಅಂದರೆ ನಮ್ಮ ಕಡೆಯ ಟಾಚಣಿ, ಹಾಕಿ, ಹೊರಗಿನಿಂದ ಅಯಸ್ಕಾಂತ ಹಿಡಿದು ಮೇಲಕ್ಕೆಳೆದು ತೋರಿಸಿದೆ. ಟಾಚಣಿ ಬಂತು, ನೀರು ಬರಲಿಲ್ಲ. "ಅಯಸ್ಕಾಂತ ನೀರನ್ನು ಏನೂ ಮಾಡುವುದಿಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಫಳಿಯ ಮೇಲೆ ಬರೆದೆ.

ಅದೇ ವಾರ ನಿಪ್ಪಾಣಿಯಿಂದ ಅಕ್ಕ ಬಂದಳು. ಅವ್ವನ ಮೊಣಕಾಲು ನೋವಿಗೆಂದು ಬಿಲ್ಲೆಯಂಥ ಒಂದು ಅಯಸ್ಕಾಂತ ತಂದಿದ್ದಳು; ಮನೆಮಾತಿನಲ್ಲಿ ಅದು ಚುಂಬಕ. "ಇದರ ಮ್ಯಾಲ ತಂಬಿಗಿ ಇಡು ಬೇ. ಹೊತ್ತು ಮುಳುಗೂದ್ರಾಗ ಆ ನೀರು ಕುಡಿ. ನಮ್ಮ ಓಣ್ಯಾಗ ಎಲ್ಲಾರೂ ಕುಡ್ಯಾಕತ್ತಾರ." ಅವ್ವ ನೀರು ಸೋಸಿ, ತಾಮ್ರದ ತಂಬಿಗೆಯಲ್ಲಿ ತುಂಬಿ, ಚುಂಬಕದ ಮೇಲೆ ಇಟ್ಟಳು. ಎಂಟು ದಿನ ಕಳೆಯುವಷ್ಟರಲ್ಲಿ ಕೋಲು ಮೂಲೆಗಿಟ್ಟು ಬಸದಿಗೆ ನಡೆದೇ ಹೋಗಿಬಂದಳು.

ಮಗನಾಗಿ ನನಗೆ ಸಂತೋಷವಾಗಬೇಕಿತ್ತು. ಆದರೆ ಹದಿನೈದು ದಿನದ ವಿಜ್ಞಾನ ಮಾಸ್ತರನಿಗೆ ಅವಮಾನವಾಯಿತು. "ಅವ್ವಾ, ಚುಂಬಕ ನೀರಿಗೆ ಏನೂ ಮಾಡೂದಿಲ್ಲ" ಎಂದೆ. "ನಿನ್ನ ನೀರಿಗೆ ಮಾಡಲಿಕ್ಕಿಲ್ಲಪಾ, ನನ್ನ ನೀರಿಗೆ ಮಾಡೇತಿ" ಎಂದಳು. ಪರೀಕ್ಷೆ ಮಾಡಿಯೇ ಬಿಡೋಣವೆಂದು ಅವಳ ತಂಬಿಗೆಯ ಪಕ್ಕಕ್ಕೆ ಸ್ಟೀಲಿನದೊಂದು ತಂಬಿಗೆಯನ್ನು ಚುಂಬಕವಿಲ್ಲದೆ ಇಟ್ಟೆ. ಸಂಜೆ ಎರಡರ ನೀರನ್ನೂ ಒಂದೇ ಥರದ ಲೋಟಗಳಿಗೆ ಸುರಿದು, ಯಾವುದು ಯಾವುದೆಂದು ಹೇಳದೆ ಕೊಟ್ಟೆ. ಅವ್ವ ಒಂದೊಂದು ಗುಟುಕು ಕುಡಿದು, "ಇದು ಚುಂಬಕದ್ದು" ಎಂದಳು. ಸರಿ ಇತ್ತು. ಮರುದಿನವೂ ಸರಿ. ಮೂರನೆಯ ದಿನವೂ ಸರಿ! ನನ್ನ ತಲೆ ಗಿರ್ರೆಂದಿತು. ತರಗತಿಯಲ್ಲಿ ಅಯಸ್ಕಾಂತದ ಧ್ರುವಗಳನ್ನು ಹೇಳುವಾಗ ಉತ್ತರ, ದಕ್ಷಿಣದ ಜೊತೆಗೆ ಪೂರ್ವವನ್ನೂ ಸೇರಿಸಿಬಿಟ್ಟೆನಂತೆ.

ನಾಲ್ಕನೆಯ ದಿನ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಅಲ್ರೀ, ತಾಮ್ರದ ನೀರಿಗೂ ಸ್ಟೀಲಿನ ನೀರಿಗೂ ರುಚಿ ಬ್ಯಾರೆ ಇರೂದಿಲ್ಲೇನ್ರಿ?"

ನಾಚಿಕೆಯಾಯಿತು, ಜೀವವೂ ಬಂತು. ಎರಡೂ ತಾಮ್ರದ ತಂಬಿಗೆ ಇಟ್ಟೆ, ಚುಂಬಕ ಒಂದರ ಕೆಳಗೆ ಮಾತ್ರ. ಅವ್ವ ಎರಡನ್ನೂ ಪೂರ್ತಿ ಕುಡಿದು, "ಎರಡೂ ಚುಂಬಕದ್ದs ಅದಾವ" ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡು, ಗೋಡೆ ಹಿಡಿಯದೆ ಎದ್ದು ಹೋದಳು. ಗೆದ್ದವರು ಯಾರೆಂದು ನನಗೆ ತಿಳಿಯಲಿಲ್ಲ.

ತರಬೇತಿ ಮುಗಿಸಿ ಬಂದ ವಿಜ್ಞಾನದ ಮಾಸ್ತರರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಚಹಾದ ಬಸಿ ಕೆಳಗಿಟ್ಟು, "ಏನೂ ಮಾಡೂದಿಲ್ಲ ಅಂತ ಬರಿಸಿದ್ರೇನ್ರಿ? ಅಯಸ್ಕಾಂತ ನೀರನ್ನ ದೂರ ತಳ್ಳತೈತ್ರಿ. ಭಾಳ ಅಂದ್ರ ಭಾಳ ಸಣ್ಣಗೆ. ಕಣ್ಣಿಗೆ ಕಾಣೂದಿಲ್ಲ" ಎಂದರು. ಮನೆಗೆ ಬಂದು ಅವ್ವನ ಮುಂದೆ ತಪ್ಪು ಒಪ್ಪಿಕೊಂಡೆ. ಆದರೆ ಅದರಿಂದ ಮೊಣಕಾಲು ನೋವು ಹೋಗುತ್ತದೆಂದು ಆ ಮಾಸ್ತರರು ಹೇಳಿಲ್ಲ ಎಂಬುದನ್ನೂ ಒತ್ತಿ ಹೇಳಿದೆ. ಅವಳು ಗೆದ್ದೆನೆಂದು ನಗಲಿಲ್ಲ. "ನನ್ನದಿರಲಿ. ಹುಡುಗೂರಿಗೆ ತಪ್ಪು ಹೇಳೀದಿ, ನಾಳೆ ಹೋಗಿ ತಿದ್ದು" ಎಂದಳು.

ಮರುದಿನ ಎಂಟನೇ ತರಗತಿಯ ಮುಂದೆ ನಿಂತು, ನಾನು ಹೇಳಿದ್ದು ತಪ್ಪು, ಅದನ್ನು ಹೊಡೆದುಹಾಕಿ, ಅಯಸ್ಕಾಂತ ನೀರನ್ನು ಬಹಳ ಸಣ್ಣಗೆ ದೂರ ತಳ್ಳುತ್ತದೆ ಎಂದು ಬರೆದುಕೊಳ್ಳಿ ಎಂದೆ. ಹೇಳಿದ ಮೇಲೆ ಎದೆ ಹಗುರಾಯಿತು. ಇನ್ನು ಮುಂದೆ ಪ್ರಾಮಾಣಿಕನಾಗಿಯೇ ಇರುತ್ತೇನೆಂದು ನಿರ್ಧರಿಸಿದೆ. ಆಗ ಮೊದಲ ಸಾಲಿನ ಒಬ್ಬ ಹುಡುಗಿ ಎದ್ದು, "ಸರ್, ಹಂಗಾರ ಚುಂಬಕದ ಮ್ಯಾಲಿಟ್ಟ ನೀರು ಕುಡಿದ್ರ ನಮ್ಮ ಆಯಿ ಕಾಲನೋವು ಕಡಿಮಿ ಆಗತೈತೇನ್ರಿ?" ಎಂದಳು.

ನಾನು ಅವಳನ್ನು ನೋಡಿದೆ, ಫಳಿಯನ್ನು ನೋಡಿದೆ.

"ಕೂಡು," ಎಂದೆ. "ಅದು ಪರೀಕ್ಷೆಗೆ ಬರೂದಿಲ್ಲ."