ಸುಶಮೀಂದ್ರನ ಸ್ವಹಸ್ತ ಚಿತ್ರ

ಪುರಸೈವಾಕ್ಕಂನ ಪಾತ್ರೆ ಅಂಗಡಿಯೊಂದನ್ನು ಜಲವರ್ಣದಲ್ಲಿ ಬರೆದು, ಅದರ ಫೋಟೋವನ್ನು ಬೆಳಗಿನ ಕಾಫಿಗೂ ಮೊದಲೇ ‘ಚೆನ್ನೈ ಕನ್ನಡ ಕುಂಚ ಬಳಗ’ದ ವಾಟ್ಸಾಪ್ ಗುಂಪಿಗೆ ಹಾಕಿದ್ದು ಸುಶಮೀಂದ್ರನ ತಪ್ಪು. ಚಿತ್ರ ಚೆನ್ನಾಗಿ ಬಂದದ್ದು ಅದಕ್ಕಿಂತ ದೊಡ್ಡ ತಪ್ಪು. ಕೆಟ್ಟದಾಗಿ ಬಂದಿದ್ದರೆ ಎಲ್ಲರೂ ಒಂದು ಗುಲಾಬಿ, ಒಂದು ನಮಸ್ಕಾರ ಒತ್ತಿ ಸುಮ್ಮನಾಗುತ್ತಿದ್ದರು.

ಬಳಗದ ಅಡ್ಮಿನ್ ದೊಡ್ಡಬಸಪ್ಪ ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಹುಟ್ಟಿದಾರಭ್ಯ ಕುಂಚ ಹಿಡಿದವರಲ್ಲ. ಆದರೆ ಯಾರೇ ಚಿತ್ರ ಹಾಕಲಿ, ಎರಡು ಬೆರಳಲ್ಲಿ ಹಿಗ್ಗಿಸಿ, ಟಿಕೆಟ್ ಇಲ್ಲದವನನ್ನು ಬೋಗಿಯ ಕಕ್ಕಸಿನಿಂದ ಎಳೆದು ತೆಗೆದಂತೆ ತಪ್ಪು ಎಳೆದು ತೆಗೆಯುವರು.

ಅವರ ಫೋನು ಬಂತು. “ಸುಶಮೀಂದ್ರ ಅವರ, ಇದು ಎಐ ಮಾಡಿದ್ದು ಅಂತ ಮಂದಿ ಅನ್ನಾಕತ್ತಾರ. ಸ್ಟೀಲ್ ಕೊಡದ ಮ್ಯಾಲೆ ಇಷ್ಟು ಹೊಳಪು ಮನುಷ್ಯಾರ ಕೈಲೆ ಬರೂದಿಲ್ಲ. ಮತ್ತ ಅಂಗಡಿ ಮುಂದ ಕುಂತ ಹೂವಿನಾಕಿಗೆ ಆರು ಬೆರಳು ಅದಾವ.”

“ಅದು ಬೆರಳಲ್ಲ ಸಾರ್, ಮಲ್ಲಿಗೆ ಮೊಗ್ಗು!”

“ಇರಬಹುದು. ನಿಯಮ ಅಂದ್ರ ನಿಯಮರೀ. ಪೆನ್ಸಿಲ್ ಗೆರಿಯಿಂದ ಹಿಡದು ಹಂತ ಹಂತದ ಫೋಟೋ ಸಂಜಿ ಒಳಗ ಹಾಕ್ರಿ. ಇಲ್ಲಂದ್ರ ಪ್ರದರ್ಶನದಾಗೂ ಇಲ್ಲ, ಬಳಗದಾಗೂ ಇಲ್ಲ.”

ಅಡ್ಯಾರ್‌ನಲ್ಲಿ ಬಳಗ ನಡೆಸಲಿದ್ದ ಆ ಚಿತ್ರಪ್ರದರ್ಶನಕ್ಕೆ ಸುಶಮೀಂದ್ರ ಬ್ಯಾಂಕಿನವರನ್ನೂ ಮಾವನ ಮನೆಯವರನ್ನೂ ಆಗಲೇ ಕರೆದಾಗಿತ್ತು. ಬ್ಯಾಂಕ್ ಗುಮಾಸ್ತನ ಹೆಸರು ಚಲನ್ನಿನ ಕೆಳಗಲ್ಲದೆ ಚಿತ್ರದ ಕೆಳಗೆ ಕಾಣುವ ಮೊದಲ ಅವಕಾಶ ಅದು. ಹಂತದ ಫೋಟೋ ಒಂದೂ ಇರಲಿಲ್ಲ. ಬರೆಯುವವನ ಕೈ ಬಣ್ಣದಲ್ಲಿರುತ್ತದೆ, ಫೋನಿನಲ್ಲಲ್ಲ. ಇಷ್ಟು ಸಣ್ಣ ಸಂಗತಿ ಬಳಗದ ಮಹಾ ಕಲಾರಸಿಕರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

“ಇನ್ನೊಂದ್ ಸಲ ಬರೆದು ಫೋಟೋ ತೆಗೀರಿ, ಅಷ್ಟೇ ತಾನೆ?” ಎಂದಳು ಹೆಂಡತಿ ಶ್ರೀವಿದ್ಯಾ. ಅವಳ ಲೆಕ್ಕದಲ್ಲಿ ಅದು ಉಪ್ಪಿಟ್ಟು ಬಿಸಿ ಮಾಡಿದಷ್ಟೇ ಸುಲಭ.

ಬ್ಯಾಂಕಿಗೆ ರಜೆ ಹಾಕಿ ಕೂತ. ಜಲವರ್ಣ ಅದೇ ರೀತಿ ಎರಡನೇ ಸಲ ಒಲಿಯುವುದುಂಟೇ? ಹೊಸ ಹಾಳೆಯಲ್ಲಿ ಕೊಡಗಳೆಲ್ಲ ಕುಂಬಳಕಾಯಿಯಾದವು. ಕೊನೆಗೆ, ನಿಜವನ್ನು ರುಜುವಾತು ಮಾಡಲು ಚೂರು ಸುಳ್ಳು ಸೇರಿಸಿದರೆ ಪಾಪವಿಲ್ಲ ಎಂದುಕೊಂಡ. ಮೂಲಚಿತ್ರವನ್ನು ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಬಿಳಿ ಹಾಳೆಯಿಟ್ಟು, ಪೆನ್ಸಿಲ್ ಹಂತದ ಫೋಟೋಗೆಂದು ತನ್ನದೇ ಗೆರೆಗಳನ್ನು ತಾನೇ ತಿದ್ದತೊಡಗಿದ.

ಪಕ್ಕದ ಮನೆಯ ಸರಸ ಮಾಮಿ ಕರಿಬೇವಿಗೆಂದು ಒಳಬಂದದ್ದು ಆಗಲೇ. ಅವರೂ ಬಳಗದ ಸದಸ್ಯೆ. ಮನೆಯಲ್ಲಿ ಸಾರು ಉಕ್ಕಿದರೂ ಗುಂಪಿನಲ್ಲಿ ಒಂದು ಮಾತು ತಪ್ಪಿಸಿಕೊಂಡವರಲ್ಲ.

“ಅಯ್ಯೋ ಪಾವಂ! ಕೈಯಲ್ಲೇ ಬರೀತಿದೀರಲ್ಲ! ಸುಮ್ನೆ ಸಂದೇಹ ಪಟ್ರು ನಿಮ್ಮನ್ನ. ಇರಿ, ನಾನಿದೀನಿ,” ಎಂದರು. ಸುಶಮೀಂದ್ರ ಬೆಚ್ಚಿ ತಿರುಗುವಷ್ಟರಲ್ಲಿ ವಿಡಿಯೋ ತೆಗೆದು ಗುಂಪಿಗೆ ಕಳಿಸಿಯೂ ಆಗಿತ್ತು. ಜೊತೆಗೆ ಒಂದು ಸಾಲು: “ಎಐ ಇಲ್ಲವೇ ಇಲ್ಲ, ನಾನೇ ಸಾಕ್ಷಿ.”

ಉಪಕಾರವೆಂದರೆ ಇದು! ಬಳಗಕ್ಕೆ ಕಂಡದ್ದು ಒಂದೇ: ಯಾರದೋ ಚಿತ್ರ ಕೆಳಗೆ, ನಕಲು ಮಾಡುವ ಸುಶಮೀಂದ್ರ ಮೇಲೆ. ನೆಟ್ಟಗೆ ಒಂದು ಬೆಕ್ಕು ಬರೆಯಲಾರದವರೆಲ್ಲ ಕಲಾನೀತಿಯ ಪಾಠಕ್ಕೆ ನಿಂತರು. “ಕೆಳಗಿರೋದೂ ನಂದೇ” ಎಂದು ಅವನು ಹಾಕಿದ್ದಕ್ಕೆ ನಗುವ ಮುಖಗಳು ಸಾಲುಗಟ್ಟಿದವು.

ತಡೆಯಲಾರದೆ ಮೂಲಚಿತ್ರವನ್ನು ಸುತ್ತಿಕೊಂಡು ಆಟೋ ಹತ್ತಿ ದೊಡ್ಡಬಸಪ್ಪನವರ ಮನೆಗೆ ಓಡಿದ. ಅವರು ಕನ್ನಡಕ ಏರಿಸಿ ಹಾಳೆಯ ಹಿಂದೆ ಮುಂದೆ ಸವರಿದರು, ಬೆಳಕಿಗೆ ಹಿಡಿದರು, ಮೂಸಿಯೂ ನೋಡಿದರು.

“ಆಹಾ! ಇದು ಮನುಷ್ಯಾನ ಬರದಾನ. ಖರೇನ ಮೊಗ್ಗರೀ ಇದು, ಬೆರಳಲ್ಲ!”

ಸುಶಮೀಂದ್ರನಿಗೆ ಕಣ್ಣು ತುಂಬಿಬಂತು. “ಒಪ್ಪಿದ್ರಲ್ಲ ಸಾರ್, ಅಷ್ಟೇ ಸಾಕು.”

“ಒಪ್ಪದ ಏನು? ಪ್ರದರ್ಶನದಾಗ ನಡುವಿನ ಗ್ವಾಡಿಗೇ ಹಾಕೂದು. ಕೆಳಗ ‘ಅಜ್ಞಾತ ಕಲಾವಿದ’ ಅಂತ ಬರಸ್ತೀನಿ.”

“ಸಾರ್, ಸಹಿ ನಂದಿದೆ ನೋಡಿ!”

“ಅದನ್ನ ಹೇಳಾಕತ್ತೀನಿ. ಮಂದಿ ಚಿತ್ರ ಕದ್ದಿದ್ದಲ್ದ ಸಹಿ ಬ್ಯಾರೆ ಹಾಕೀರಿ. ಬಳಗದಾಗ ಇರಬೇಕಂದ್ರ ಆ ಕಲಾವಿದರ ಕ್ಷಮಾ ಕೇಳ್ರಿ.”

ಚಿತ್ರ ಅವರ ಬೀರುವಿಗೆ ಹೋಯಿತು. ಬಳಗದಲ್ಲಾದರೂ ಉಳಿಯೋಣವೆಂದು, ವಾಪಸು ಬರುವ ಆಟೋದಲ್ಲಿ ಹಲ್ಲು ಕಚ್ಚಿ ಬೆರಳೊತ್ತಿದ: “ಅಜ್ಞಾತ ಕಲಾವಿದರೇ, ನನ್ನನ್ನು ಕ್ಷಮಿಸಿ.”

ಕೂಡಲೇ ಚಪ್ಪಾಳೆಗಳು ಬಂದವು. ಹಿಂದೆಯೇ ಅಡ್ಮಿನ್ನರ ಉತ್ತರ: “ಛಲೋ ಆತು. ಆದ್ರ ಆ ಕಲಾವಿದರು ತಾವೇ ಬಂದು ‘ಕ್ಷಮಿಸೀನಿ’ ಅನ್ನೂತನಕ ನೀವು ಹೊರಗಿರ್ರಿ. ಅವರು ಸಿಕ್ಕರ ನಮಗೂ ತಿಳಸ್ರಿ, ಸನ್ಮಾನ ಮಾಡೂದೈತಿ.”

ಸಿಕ್ಕಿದ್ದಾರೆ ಎಂದು ಸುಶಮೀಂದ್ರ ಬರೆಯಹೊರಟ. ಅಷ್ಟರಲ್ಲಿ ಅವನನ್ನು ಗುಂಪಿನಿಂದ ತೆಗೆದಾಗಿತ್ತು.