ಕರಡಿ ಕಾಕಾನ ಪರವಾಗಿ ಒಂದು ಮುಷ್ಕರ

ಅನ್ಯಾಯ ಎಲ್ಲಿ ನಡೆದರೂ ಕೆಂಚಪ್ಪನವರ ಮೂಗಿಗೆ ಅದರ ವಾಸನೆ ಬಡಿದುಬಿಡುತ್ತಿತ್ತು. ನೂಲಿನ ಗಿರಣಿಯಲ್ಲಿ ಕಾರ್ಮಿಕರ ಮುಖಂಡರಾಗಿ ಗಂಟಲು ಹರಿಯುವಂತೆ ಘೋಷಣೆ ಕೂಗಿದ ಜೀವ ಅದು! ಈಗ ನಿವೃತ್ತರಾಗಿ, ಧುಪದಾಳದ ಮನೆಯಲ್ಲಿ ಏಳು ವರ್ಷದ ಮೊಮ್ಮಗಳು ದಾನೇಶ್ವರಿಯನ್ನು ನೋಡಿಕೊಳ್ಳುವ ಘನ ಹೊಣೆ ಹೊತ್ತಿದ್ದರು. ತಾವಿಲ್ಲದೆ ಆ ಕೂಸು ಒಂದು ಗಳಿಗೆಯೂ ಇರಲಾರದು ಎಂಬುದು ಅವರ ಹೆಮ್ಮೆ.

ಅವತ್ತು ಭಾನುವಾರ. ಅಜ್ಜ ಮೊಮ್ಮಗಳು ಟಿವಿಯಲ್ಲಿ ಕಾರ್ಟೂನ್ ನೋಡುತ್ತ ಕೂತಿದ್ದರು. ಕಾಡಿನ ಪ್ರಾಣಿಗಳೆಲ್ಲ ತಮ್ಮ ಮರಿಗಳನ್ನು ಒಂದು ಮುದಿ ಕರಡಿಗೆ ಒಪ್ಪಿಸಿ ಹೊಟ್ಟೆಪಾಡಿಗೆ ಹೋಗುತ್ತಿದ್ದವು. ಪಾಪ, ಕರಡಿ ಕಾಕಾ ಮೊಲದ ಮರಿಗೆ ಹಾಲು ಕುಡಿಸುವಷ್ಟರಲ್ಲಿ ಕೋತಿಮರಿ ಕಿವಿಗೆ ಜೋತುಬಿತ್ತು, ಆನೆಮರಿ ಅವನ ಮೇಲೆಯೇ ಕೂತುಬಿಟ್ಟಿತು!

“ಇವಂಗ ಸೂಟಿ ಐತೇನವಾ?”

“ಇಲ್ಲಜ್ಜಾ.”

“ಪಗಾರ?”

“ಅಜ್ಜಾ, ಅಂವಾ ಕರಡಿ ಅದಾನ.”

“ಆದ್ರೇನಾತು? ಕರಡಿಗೆ ನಡಾ ನೋಯೂದಿಲ್ಲೇನು?”

ಹೇಳುತ್ತ ಹೇಳುತ್ತ ಕೆಂಚಪ್ಪನವರಿಗೆ ತಮ್ಮದೇ ನಡ ನೋಯತೊಡಗಿತು. ರಜೆಯಿಲ್ಲ, ಪಗಾರವಿಲ್ಲ, ಈ ವಯಸ್ಸಿನಲ್ಲಿ ಎಂಥ ದುಡಿಮೆ! ಎದ್ದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯ ಮುಂದೆ ಮುಷ್ಟಿ ಎತ್ತಿದರು.

“ಗೌರವ್ವಾ! ಕರಡಿ ಕಾಕಾಗ ನ್ಯಾಯ ಸಿಗೂಮಟ ನಂದು ಸ್ಟ್ರೈಕ್! ಕೂಸಿನ್ನ ನೀನ ನೋಡ್ಕೋ. ನಾ ಒಬ್ಬನ ಗೋಕಾಕಕ್ಕ ಹೊಂಟೆ!”

ಗೌರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. “ಒಬ್ಬರನ? ದಾನೇಶ್ವರಿನ್ನ ಕರಕೊಂಡ ಹೋಗ್ರಿ.”

“ಸ್ಟ್ರೈಕ್ ಅಂದ್ರ ಸ್ಟ್ರೈಕ್!”

ಅಜ್ಜಿ ಮೊಮ್ಮಗಳು ಮುಖ ಮುಖ ನೋಡಿಕೊಂಡರು. ಅಗಲಿಕೆಯ ದುಃಖವಿರಬೇಕೆಂದು ಕೆಂಚಪ್ಪನವರು ತಿಳಿದರು.

ಗೋಕಾಕದಲ್ಲಿ ಇಳಿದವರೇ ನೇರ ಉದ್ದಪ್ಪನ ಕರದಂಟಿನ ಅಂಗಡಿಗೆ ನುಗ್ಗಿದರು. ಸಕ್ಕರೆ ಕಾಯಿಲೆಯನ್ನು ಮನೆಯಲ್ಲೇ ಬಿಟ್ಟುಬಂದವರಂತೆ ಕೈ ಚಾಚಿದರು.

“ಒಂದ ತುಂಡು ಕೊಡೋ.”

ಉದ್ದಪ್ಪ ಅವರ ಬೆನ್ನ ಹಿಂದೆ ಇಣುಕಿದ. “ಸಣ್ಣಕ್ಕಾರು ಬಂದಿಲ್ಲೇನ್ರಿ?”

“ಮೊಮ್ಮಗಳು ಯಾಕ ಬೇಕೋ?”

“ಅಕ್ಕಾರು ಹೂಂ ಅನ್ನದ ನಿಮಗ ಕೊಡಾಂಗಿಲ್ರಿ. ಗೌರವ್ವಾರು ತಾಕೀತ ಮಾಡ್ಯಾರ.”

ಸಿಟ್ಟಿನಿಂದ ಚಹಾದಂಗಡಿಗೆ ಹೋದರೆ, ಅಲ್ಲಿ ಮಾಳು ಕೇಳದೆಯೇ ಸಕ್ಕರೆಯಿಲ್ಲದ ಚಹಾ ಮುಂದಿಟ್ಟು, “ಕೂಸು ಎಲ್ಲಿ ಐತ್ರಿ?” ಅಂದ. ಊರಿಗೆ ಊರೇ ಮಾಲೀಕರ ಕಡೆ ಸೇರಿಬಿಟ್ಟಿದೆ! ಕೆಂಚಪ್ಪನವರು ರೇಗಿ ಬಸ್ ಸ್ಟ್ಯಾಂಡಿಗೆ ಬಂದು, ಎದುರಿಗೆ ನಿಂತಿದ್ದ ಬಸ್ಸು ಹತ್ತಿ, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಬೋರ್ಡು ಓದುವುದು ಯಾವಾಗಲೂ ದಾನೇಶ್ವರಿಯ ಕೆಲಸ. ಅವಳಿಗೆ ಓದು ರೂಢಿಯಾಗಲಿ ಅಂತ ಹಾಗೆ ಮಾಡುತ್ತೇನೆ ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಕನ್ನಡಕದ ನಂಬರು ಬದಲಾಗಿ ಎಷ್ಟೋ ದಿನವಾಗಿತ್ತು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಗದ್ದಲದಲ್ಲಿ ನುಸುಳಿ ಕಂಡಕ್ಟರ್ ಹತ್ತಿರ ಬಂದಾಗ ಕಣ್ಣು ಬಿಟ್ಟರು.

“ಧುಪದಾಳ ಒಂದ ಕೊಡಪಾ.”

“ಯಜಮಾನ್ರ, ಇದು ಬ್ಯಾರೆ ದಾರಿ, ಮೂಡಲಗಿ ಬಂತಲ್ರಿ! ನಿಮ್ಮ ಜೋಡಿ ಯಾರೂ ಇಲ್ಲೇನ್ರಿ?”

ಹಿಂದಿರುಗುವ ದಾರಿಯುದ್ದಕ್ಕೂ ಒಂದೇ ಚಿಂತೆ. ಕೂಸು ಅತ್ತೂ ಅತ್ತೂ ಸೊರಗಿರಬೇಕು, ಊಟ ಬಿಟ್ಟು ಬಾಗಿಲಲ್ಲೇ ಕೂತಿರಬೇಕು. ಕರಡಿಗೆ ನ್ಯಾಯ ಕೊಡಿಸಲು ಹೋಗಿ ಮೊಮ್ಮಗಳಿಗೆ ಅನ್ಯಾಯ ಮಾಡಿದೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು.

ದಾನೇಶ್ವರಿ ಓಣಿಯಲ್ಲಿ ಗೆಳತಿಯರ ಜೊತೆ ಕುಣಿದು ಕುಣಿದು ಕೆಂಪಗಾಗಿದ್ದಳು. ಅಜ್ಜನನ್ನು ಕಂಡು ಓಡಿಬಂದಳು.

“ಅಜ್ಜಾ, ನೀ ಹೇಳಿದ್ದು ಖರೆ ಐತಿ! ನೋಡ್ಕೊಳ್ಳೋರಿಗೆ ವಾರಕ್ಕೊಂದ ದಿನ ಸೂಟಿ ಬೇಕ ಬೇಕು. ಎಷ್ಟ ಆರಾಮ ಆತು!”

ಕೆಂಚಪ್ಪನವರಿಗೆ ಕಣ್ಣು ತುಂಬಿ ಬಂತು. “ನನಗೇನ ಆರಾಮ ಆಗಲಿಲ್ಲವಾ, ಬರೇ ನಿಂದ ಚಿಂತಿ.”

“ನಿನಗಲ್ಲಜ್ಜಾ, ನನಗ! ಬರೂ ರವಿವಾರನೂ ಸ್ಟ್ರೈಕ್ ಮಾಡ್ತಿ?”