ನಡುಗಿದವನನ್ನು ಬಲಶಾಲಿ ಎಂದ ಯಂತ್ರಕ್ಕೆ

ವಿನೋಬನಗರ, ದಾವಣಗೆರೆ
೧೯೬೪

ಹರಿಹರದ ಹೊಸ ಎರಕದ ಕಾರ್ಖಾನೆಯ ಡಾಕ್ಟರರ ಕೋಣೆಯಲ್ಲಿ, ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ವಿರಾಜಮಾನರಾಗಿರುವ ಸ್ನಾಯುವಿದ್ಯುತ್ ಮಾಪಕ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮುಳ್ಳು, ತಂತಿ, ತಗಡಿನ ಬಿಲ್ಲೆಗಳೆಲ್ಲ ಕ್ಷೇಮವೆಂದು ನಂಬಿ ಸಣ್ಣತಿಮ್ಮಪ್ಪನು ಮಾಡುವ ನಮಸ್ಕಾರಗಳು. ನಾನು ನಾಲ್ಕನೆಯ ತರಗತಿಯವರೆಗೆ ಓದಿದವನು. ಜನರೆದುರು ಬಾಯಿ ಬಿಡಲು ಬಾರದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಾವೂ ಮಾತನಾಡುವವರಲ್ಲವಾದ್ದರಿಂದ ನಮ್ಮಿಬ್ಬರಿಗೆ ಹೊಂದಿಕೆಯಾದೀತೆಂಬ ಭರವಸೆಯಿದೆ.

ಕಳೆದ ತಿಂಗಳು ಗೇಟಿನ ಜವಾನನ ಕೆಲಸ ಕೇಳಲು ಬಂದ ನಾನು, ಕಬ್ಬಿಣದ ಗಟ್ಟಿ ಎತ್ತುವ ಹಮಾಲರ ಸಾಲಿನಲ್ಲಿ ನಿಂತುಬಿಟ್ಟೆ. ಸಾಲು ತಪ್ಪಿದೆಯೆಂದು ಗೊತ್ತಾಗುವಷ್ಟರಲ್ಲಿ ಹಿಂದೆಯೂ ಮುಂದೆಯೂ ದಾಂಡಿಗರು ತುಂಬಿದ್ದರು. ಅವರನ್ನು ಸರಿಸಿಕೊಂಡು ಹೊರಬರಲು ನಾಚಿಕೆಯಾಗಿ ತಮ್ಮ ಕೋಣೆಯವರೆಗೂ ಬಂದೆ. ನನ್ನ ಮುಂದಿದ್ದವನು ನಮ್ಮ ಓಣಿಯ ಕೆಂಚಣ್ಣ. ಗರಡಿಯಲ್ಲಿ ಉಳಿದವರು ಏದುಸಿರು ಬಿಟ್ಟು ಸೊಂಟದವರೆಗೆ ತರುವ ಕಲ್ಲುಗುಂಡನ್ನು ಒಂದೇ ಎಳೆತಕ್ಕೆ ಹೆಗಲಿಗೇರಿಸುವವನು. ಕಣ್ಣು ಮಿಟುಕಿಸುವುದರೊಳಗೆ ಸಿಡಿಯುವ ಇಂಥ ಬಲವನ್ನು ಅಳೆಯಲೆಂದೇ ತಮ್ಮನ್ನು ಹಡಗಿನಲ್ಲಿ ತರಿಸಿದ್ದಂತೆ. ತೋಳು ಬಿಗಿದಾಗ ಸ್ನಾಯುವಿನಲ್ಲಿ ಹುಟ್ಟುವ ಸಣ್ಣ ಕರೆಂಟನ್ನು ತಾವು ಹಿಡಿಯುತ್ತೀರಿ, ಮುಳ್ಳು ಎಷ್ಟು ಏರಿತೋ ಆಳು ಅಷ್ಟು ಗಟ್ಟಿ ಎಂದು ಡಾಕ್ಟರರು ನಮಗೆಲ್ಲ ಬೋಧಿಸಿದರು.

ಬಲಪರೀಕ್ಷೆಗೆ ಹೋಗುವಾಗ ಮೈಗೆ ಹರಳೆಣ್ಣೆ ತಿಕ್ಕಿ, ಗರಡಿಯ ಕೆಮ್ಮಣ್ಣು ಸವರಿಕೊಳ್ಳುವುದು ಪೈಲ್ವಾನರ ಪದ್ಧತಿ. ತಮ್ಮ ಮೇಲಿನ ಗೌರವದಿಂದ ಕೆಂಚಣ್ಣ ಅಂದು ಧಾರಾಳವಾಗಿಯೇ ತಿಕ್ಕಿಕೊಂಡಿದ್ದ. ತಮ್ಮ ಬಿಲ್ಲೆಗಳು ಅವನ ತೋಳಿನ ಮೇಲೆ ಜಾರುಬಂಡಿಯಾಡಿದವು. ಅವನು ಗಟ್ಟಿಯನ್ನೆತ್ತಿ, ಇಳಿಸಿ, ಮೀಸೆ ಒರೆಸಿಕೊಂಡ ಮೇಲೂ ತಮ್ಮ ಮುಳ್ಳು ಧ್ಯಾನದಿಂದ ಏಳಲಿಲ್ಲ. ಡಾಕ್ಟರರು ಗಟ್ಟಿಯನ್ನೂ ನೋಡಿದರು, ಮುಳ್ಳನ್ನೂ ನೋಡಿದರು. "ಎತ್ತಿದ್ದೇನೋ ನಿಜ, ಆದರೆ ಬಲ ಇಲ್ಲ" ಎಂದರು. ಇಂಥ ತೀರ್ಪು ತಮ್ಮ ಸಹವಾಸವಿಲ್ಲದೆ ಯಾರ ಬಾಯಿಂದಲೂ ಬರಲು ಸಾಧ್ಯವಿಲ್ಲ.

ನಂತರ ನನ್ನ ಸರದಿ. ತಂತಿ ಕಂಡು, ಶಾಕ್ ಹೊಡೆದೀತೆಂಬ ಭಯದಿಂದ ತೋಳು ಗಡಗಡ ನಡುಗಿತು. ಗಟ್ಟಿ ನೆಲ ಬಿಡಲಿಲ್ಲ. ಮುಳ್ಳು ಮಾತ್ರ ಗಾಜು ಒಡೆಯುವಂತೆ ಕುಣಿಯಿತು. ಊಟವಾದ ಮೇಲೆ ಡಾಕ್ಟರರು ಬಿಲ್ಲೆಯನ್ನು ಎರಡು ಬೆರಳು ಕೆಳಗೆ ಅಂಟಿಸಿ ಮತ್ತೊಮ್ಮೆ ನೋಡಿದರೆ ನಾನು ಅರ್ಧ ಬಲಶಾಲಿಯಾಗಿದ್ದೆ. ಸೆಖೆಯೆಂದು ಫ್ಯಾನು ಹಾಕಿದೊಡನೆ ಅದರ ಕರೆಂಟಿಗೂ ಮುಳ್ಳು ಕುಣಿದು, ನಾನು ಮತ್ತೆ ಪೂರ್ತಿಯಾದೆ. ಒಂದೇ ದಿನದಲ್ಲಿ ಒಬ್ಬ ಬಡವನಿಗೆ ಮೂರು ಬಗೆಯ ದೇಹ ಕರುಣಿಸುವ ಔದಾರ್ಯ ದೇವರಿಗೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಕೆಂಚಣ್ಣ, "ಏ ತಿಮ್ಮಾ, ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ಯಲೇ ಈ ತಾಕತ್ತು?" ಎಂದು ಬೆರಗಾದ. ನನಗೆ ಕೆಲಸ ಸಿಕ್ಕಿತು; ಅವನಿಗೆ ಒಂದು ಬಾಟಲಿ ಟಾನಿಕ್ ಸಿಕ್ಕಿತು.

ನನ್ನ ಸೊಂಟದ ಸುದ್ದಿ ಬಿಡಿ. ಜೊತೆಯ ಹಮಾಲರಾದ ಮೌಲಾ ಸಾಬರು, "ನೀ ಸುಮ್ನೆ ಮುಟ್ಟಿದಂಗೆ ಮಾಡಪ್ಪ, ಹೊರೋದು ನಾ ಹೊರ್ತೀನಿ" ಎಂದು ದಿನವೂ ನನ್ನ ಮಾನ ಕಾಯುತ್ತಿದ್ದಾರೆ. ನನ್ನ ದೂರು ಬೇರೆ. ಕೆಂಚಣ್ಣ ತಮ್ಮನ್ನು ನಂಬಿಬಿಟ್ಟಿದ್ದಾನೆ. ಗರಡಿಗೆ ಹೋಗಿ, ಗುಂಡಿನೆದುರು ನಿಂತು, ಮುಟ್ಟದೆ ಮರಳುತ್ತಾನೆ. ಹೆಂಡತಿ ನೀಲಕ್ಕ ನೀರಿನ ಕೊಡ ಎತ್ತಿಕೊಡಲು ಕರೆದರೆ ತೋಳು ನೋಡಿಕೊಂಡು, "ಮಿಷಿನ್ನಿಗೆ ಗೊತ್ತಿಲ್ಲೇನು?" ಎನ್ನುತ್ತಾನೆ. "ಮಿಷಿನ್ನು ನಿಮ್ಮ ಕೂಡ ಸಂಸಾರ ಮಾಡೈತೇನ್ರಿ? ನಿಮ್ಮ ತಾಕತ್ತು ನನ್ನ ಕೇಳ್ರಿ!" ಎಂದು ಆಕೆ ಬೀದಿಗೆ ಕೇಳುವಂತೆ ಗದರಿಸಿದರೂ ಅವನ ತಲೆ ಮೇಲೇಳುವುದಿಲ್ಲ. ಕಲ್ಲುಗುಂಡು ಬಗ್ಗಿಸಲಾಗದ ಆ ಕತ್ತನ್ನು ತಾವು ಏಳದ ಮುಳ್ಳಿನಿಂದಲೇ ಬಗ್ಗಿಸಿದ್ದೀರಿ. ತಮ್ಮ ಪರಾಕ್ರಮಕ್ಕೆ ಶರಣು.

ಆದ್ದರಿಂದ ತಾವು ದಯಮಾಡಿ ಬೆಳಗಿನ ರೈಲು ಹತ್ತಿ ನಮ್ಮ ಓಣಿಗೆ ಬಂದು, ಕೆಂಚಣ್ಣನ ಹೊಸ್ತಿಲಲ್ಲಿ ಮುಳ್ಳು ಬಾಗಿಸಿ ತಪ್ಪೊಪ್ಪಿಕೊಳ್ಳಬೇಕು. ಅದಾಗದಿದ್ದರೆ ನಾಳೆಯಿಂದ ಗಟ್ಟಿಯ ಒಂದು ತುದಿಯನ್ನು ತಾವೇ ಹಿಡಿಯಬೇಕು. ಅದೂ ಆಗದಿದ್ದರೆ ಡಾಕ್ಟರರ ಹಣೆಗೆ ಬಿಲ್ಲೆ ಅಂಟಿಸಿ, ಅವರ ಕಣ್ಣು ಕಂಡದ್ದು ತಲೆಗೆ ತಲುಪುತ್ತಿದೆಯೇ ಎಂದು ಪರೀಕ್ಷಿಸಬೇಕು.

ಈ ಪತ್ರ ಅಚ್ಚಾದ ದಿನ ನನ್ನ ಕೆಲಸ ಹೋಗುತ್ತದೆಂದು ಬಲ್ಲೆ. ಹೋಗಲಿ. ಖಾಲಿಯಾದ ಆ ಜಾಗಕ್ಕೆ ಕೆಂಚಣ್ಣನನ್ನು ಕರೆಸಿ, ಗಟ್ಟಿಯೊಂದನ್ನು ತೋರಿಸಿ, ತಾವು ಗೋಡೆಯ ಕಡೆ ಮುಖ ಮಾಡಿಕೊಂಡರೆ ಅಷ್ಟೇ ದೊಡ್ಡ ಉಪಕಾರ.

ತಮ್ಮೆದುರು ನಡುಗಿ ಗೆದ್ದ, ಇದನ್ನು ಬರೆಯುವಾಗ ನಡುಗದ,
ತಮ್ಮ ವಿಶ್ವಾಸಿ,
ಸಣ್ಣತಿಮ್ಮಪ್ಪ

ವಿ.ಸೂ.: ತಾವು ಕಾರ್ಖಾನೆಗೆ ಬಂದ ದಿನ ಮರದ ಪೆಟ್ಟಿಗೆಯೊಳಗೆ ಮಲಗಿದ್ದಿರಾದ್ದರಿಂದ ತಿಳಿದಿರಲಾರದು. ಹಮಾಲರೆಲ್ಲ ಕೈಚೆಲ್ಲಿದ ಆ ಪೆಟ್ಟಿಗೆಯನ್ನು ಲಾರಿಯಿಂದ ಎಳೆದು ಹೆಗಲಿಗೇರಿಸಿ, ಒಬ್ಬನೇ ಹೊತ್ತು ಇದೇ ಮೇಜಿನ ಮೇಲೆ ತಮ್ಮನ್ನು ಕೂರಿಸಿದವನು, ಕೆಲಸ ಉಂಟೇ ಎಂದು ವಿಚಾರಿಸಲು ಗೇಟಿಗೆ ಬಂದಿದ್ದ ಕೆಂಚಣ್ಣ. ಆಗ ಡಾಕ್ಟರರು ಅವನ ಬೆನ್ನು ತಟ್ಟಿ, "ಭಲೇ, ಎಂಥಾ ಬಲ!" ಎಂದಿದ್ದರು. ತಾವಿನ್ನೂ ಪೆಟ್ಟಿಗೆಯಿಂದ ಹೊರಬಂದಿರಲಿಲ್ಲ, ನೋಡಿ.